ಉರಿ ನಿಂತ ವಾರ

ಆ ಅಮ್ಮನ ಬೆರಳುಗಳನ್ನು ನಾನು ಮೊದಲ ದಿನವೇ ನೋಡಿದ್ದೆ. ಎರಡೂ ಕೈಗಳ ಗೆಣ್ಣುಗಳು ಊದಿಕೊಂಡು, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು.

"ಯಾಕಮ್ಮಾ, ಬೆರಳು ಹಿಂಗಾಗಿದಾವೆ?" ಎಂದು ಕೇಳಿಯೂ ಇದ್ದೆ.

"ಕೆಚ್ಚಿ ಕೆಚ್ಚಿ ಹಿಂಗಾಗ್ಯಾವೆ ಬಿಡವ್ವ. ಒಂದಿನದ ಕೆಲ್ಸಾನಾ ಅದು?" ಎಂದರು.

ಉತ್ತರ ಸರಿಯೆನಿಸಿತು. ಮೊಳಕಾಲ್ಮೂರಿನ ರೇಷ್ಮೆ ಮಗ್ಗಗಳಲ್ಲಿ ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳು, ಮುಗಿದರೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆಗಳು. ಬೂದಿ ಮುಟ್ಟಿದ ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದನ್ನೇ ಹಿಡಿದು ತಿರುವುತ್ತಾ ಹೋಗಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ಈ ಅಮ್ಮ ಮದುವೆಯಾಗಿ ಬಂದಾಗಿನಿಂದ ಆ ಓಣಿಯ ಅರ್ಧದಷ್ಟು ಮಗ್ಗಗಳಿಗೆ ಕೆಚ್ಚಿದವರು. ಗಂಡ ತೀರಿಕೊಂಡಿದ್ದರು. ಮನೆಯ ಗುಂಡಿಮಗ್ಗದಲ್ಲಿ ಈಗ ಮಗಳು ನೇಯುತ್ತಿದ್ದಳು, ತಾಯಿ ಕೆಚ್ಚುತ್ತಿದ್ದರು. ಬಲಗಣ್ಣಿಗೆ ಪೊರೆ ಬಂದು ಎಳೆ ಎರಡೆರಡಾಗಿ ಕಾಣತೊಡಗಿದ ಮೇಲೆ ಕೆಲಸ ನಿಂತಿತ್ತು.

ನಾನು ಡಾಕ್ಟರಲ್ಲ. ಒಂದು ಆಸ್ಪತ್ರೆಯವರು ಚಳ್ಳಕೆರೆಯಲ್ಲಿ ನಡೆಸುವ ಸಣ್ಣ ಕಣ್ಣಿನ ಕೇಂದ್ರದಲ್ಲಿ ನೇತ್ರ ಸಹಾಯಕಿ. ದೃಷ್ಟಿ ಅಳೆಯುವುದು, ಕಣ್ಣನ್ನು ದೀಪ ಮತ್ತು ಮಸೂರ ಹಿಡಿದು ನೋಡಿ ಆಸ್ಪತ್ರೆಯ ಡಾಕ್ಟರಿಗೆ ಫೋನಿನಲ್ಲಿ ಹೇಳುವುದು, ಪೊರೆ ತೆಗೆಸಿಕೊಂಡು ಬಂದವರನ್ನು ಆರು ವಾರ ನೋಡಿಕೊಳ್ಳುವುದು, ಇಷ್ಟು ನನ್ನ ಕೆಲಸ. ಸೋಮವಾರ ಮಾತ್ರ ಮೊಳಕಾಲ್ಮೂರಿಗೆ ಹೋಗಿ ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ಕೂರುತ್ತೇನೆ. ಈ ಅಮ್ಮ ಬಂದದ್ದು ಅಲ್ಲಿಗೆ.

ಪೊರೆ ಹಣ್ಣಾಗಿತ್ತು. ಎಡಗಣ್ಣಿಗೂ ಶುರುವಾಗಿತ್ತು. "ಇನ್ನೇನಾದರೂ ತೊಂದ್ರೆ ಐತಾ?" ಎಂದಾಗ, "ಬೆಳಿಗ್ಗೆ ಎದ್ರೆ ಕಣ್ಣಾಗೆ ಮರಳು ಬಿದ್ದಂಗಿರ್ತೈತೆ" ಎಂದರು. ರೇಷ್ಮೆಯ ಧೂಳಿರಬೇಕು ಅಂದೆ. "ಇರಬೌದು" ಅಂದರು. ಕಾಗದದಲ್ಲಿ ಪೊರೆ ಎಂದು ಬರೆದೆ. ಮರಳಿನ ಮಾತನ್ನು ಬರೆಯಲಿಲ್ಲ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಒಂದು ವಾರಕ್ಕೆ ಚಳ್ಳಕೆರೆಗೆ ತಪಾಸಣೆಗೆ ಬಂದಾಗ ಬಲಗಣ್ಣಿನಲ್ಲಿ ಚಾರ್ಟಿನ ಕೊನೆಯ ಸಾಲಿನ ಹಿಂದಿನದನ್ನು ಓದಿದರು. ಅಕ್ಷರ ಬಾರದವರಿಗೆ ಇರುವ ಚಾರ್ಟು ಅದು. ಗೆರೆಗಳು ಯಾವ ಕಡೆಗೆ ಬಾಯಿ ತೆರೆದಿವೆಯೆಂದು ಕೈಯಲ್ಲಿ ತೋರಿಸಬೇಕು. ತೋರಿಸಿ ಮುಗಿಸಿದವರು ನನ್ನ ಸೀರೆಯ ಸೆರಗು ಹಿಡಿದು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡರು.

"ಮಿಷನ್ ಮಗ್ಗದ್ದು. ಅಂಚಿನಾಗೆ ಎರಡೆಳೆ ತಪ್ಪೈತೆ ನೋಡು."

ನಾನು ಎಷ್ಟು ನೋಡಿದರೂ ನನಗೆ ಕಾಣಲಿಲ್ಲ. ಮಗಳು ನಕ್ಕಳು. "ನಮ್ಮವ್ವ ಇನ್ನು ನನ್ನ ಬಿಡಲ್ಲಕ್ಕ" ಎಂದಳು. ಆ ದಿನ ನಾನೂ ನಕ್ಕಿದ್ದೆ.

ಆಸ್ಪತ್ರೆ ಕೊಟ್ಟಿದ್ದು ಎರಡು ಬಾಟಲಿ ಹನಿ. ಒಂದು ಸೋಂಕು ಮತ್ತು ಬಾವು ತಡೆಯಲು, ವಾರ ಕಳೆದಂತೆ ಒಂದೊಂದು ಹನಿ ಕಡಿಮೆ ಮಾಡುತ್ತಾ ಹೋಗುವಂಥದ್ದು. ಇನ್ನೊಂದು ನೋವು, ಊತ ಇಳಿಸುವ ಹನಿ, ದಿನಕ್ಕೆ ಮೂರು ಸಲ. ಅಮ್ಮನಿಗೆ ಓದಲು ಬಾರದ್ದರಿಂದ ಮಗಳು ಬಾಟಲಿಗಳ ಕತ್ತಿಗೆ ರೇಷ್ಮೆ ದಾರ ಕಟ್ಟಿದ್ದಳು, ಮೊದಲನೆಯದಕ್ಕೆ ಕೆಂಪು, ಎರಡನೆಯದಕ್ಕೆ ಹಳದಿ. ದಿನಕ್ಕೆ ಎಷ್ಟು ಹನಿಯೋ ದಾರದಲ್ಲಿ ಅಷ್ಟು ಗಂಟು. ನಾನು ಅದನ್ನು ಬೇರೆಯವರಿಗೂ ತೋರಿಸಿ ಹೊಗಳಿದೆ. ಇಷ್ಟು ಅಚ್ಚುಕಟ್ಟಾಗಿ ಹನಿ ಹಾಕಿಕೊಂಡವರನ್ನು ನಾನು ಕಂಡಿರಲಿಲ್ಲ.

ಎರಡು ವಾರ ತುಂಬಿದ ಸೋಮವಾರ ಅಮ್ಮ ಮೊಳಕಾಲ್ಮೂರಿನ ಕೋಣೆಗೆ ಬಂದರು. ಅಂದು ಹೊರಗೆ ನಲವತ್ತು ಜನ ಕೂತಿದ್ದರು. ದೇವಸಮುದ್ರದ ಕಡೆಯಿಂದ ಒಂದೇ ಬಸ್ಸಿನಲ್ಲಿ ಬಂದಿದ್ದವರು ಅದೇ ಬಸ್ಸು ತಿರುಗುವ ಹೊತ್ತಿಗೆ ಹೊರಡಬೇಕೆಂದು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು.

"ಉರೀತೈತವ್ವ" ಎಂದರು ಅಮ್ಮ. "ಹನಿ ಬಿಟ್ಟ ಕೂಡ್ಲೇ ಮೆಣಸಿನಕಾಯಿ ಹಚ್ಚಿದಂಗೆ. ಅದರಾಗೂ ಆ ಹಳದಿ ದಾರದ್ದು."

ಟಾರ್ಚ್ ಹಿಡಿದು ನೋಡಿದೆ. ಸ್ವಲ್ಪ ಕೆಂಪಿತ್ತು. ಪೊರೆ ತೆಗೆದ ಮೇಲೆ ಕೆಲವರಿಗೆ ಕಣ್ಣು ಒಣಗುತ್ತದೆ. ಕಣ್ಣಿನ ಮೇಲ್ಪದರದ ಸಣ್ಣ ನರಗಳು ಕತ್ತರಿಸಿಹೋಗಿರುತ್ತವೆ, ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ, ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ಅಂಥ ಕಣ್ಣಿನ ಮೇಲೆ ಗಾಯವಾಗಿದೆಯೇ ಎಂದು ತಿಳಿಯಲು ಒಂದು ಕಿತ್ತಳೆ ಬಣ್ಣದ ಕಾಗದದ ಪಟ್ಟಿ ಇರುತ್ತದೆ. ಅದನ್ನು ಒದ್ದೆ ಮಾಡಿ ಕೆಳರೆಪ್ಪೆಗೆ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡಿದರೆ, ತರಚಿದ ಜಾಗವೆಲ್ಲ ಹಸಿರಾಗಿ ಹೊಳೆಯುತ್ತದೆ. ಆ ಪಟ್ಟಿಗಳು ನನ್ನ ಚೀಲದಲ್ಲಿದ್ದವು. ನೀಲಿ ಟಾರ್ಚೂ ಇತ್ತು. ಬಾಗಿಲಲ್ಲಿದ್ದವರು "ಮೇಡಂ, ಬಸ್ಸು" ಅಂದರು. ನಾನು ಪಟ್ಟಿ ತೆಗೆಯಲಿಲ್ಲ.

ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ, ಸ್ವಲ್ಪ ಒಣಗಿದ ಹಾಗಿದೆ ಎಂದೆ. ಕಣ್ಣೀರಿನ ಹನಿ ಸೇರಿಸಿ, ಮಿಕ್ಕದ್ದು ಮುಂದುವರಿಸಿ ಎಂದರು. ನಾನು ಹೇಳಿದ್ದರ ಮೇಲೆ ಅವರು ಹೇಳಿದ್ದು ಅದು. ಮೂರನೆಯ ಬಾಟಲಿ ಕೊಟ್ಟು ಅಮ್ಮನ ಕೈ ಹಿಡಿದು ಹೇಳಿದೆ:

"ಉರೀತೈತೆ ಅಂತ ಯಾವುದನ್ನೂ ಬಿಡಬೇಡಿ. ಅದರಾಗೂ ಆ ಹಳದಿ ದಾರದ್ದು ಬಿಡ್ಲೇಬೇಡಿ. ಬಿಟ್ಟರೆ ಒಳಗೆ ಊತ ಬರ್ತೈತೆ."

"ನೀನು ಹೇಳಿದ ಮ್ಯಾಲೆ ಬಿಡ್ತೀನಾ?" ಎಂದರು.

ಬಿಡಲಿಲ್ಲ.

ನಾಲ್ಕನೆಯ ವಾರ ಬಂದಾಗ ಅಮ್ಮನ ಮುಖ ಗೆಲುವಾಗಿತ್ತು. "ಉರಿ ನಿಂತೋತು ನೋಡವ್ವ. ಈಗೇನೂ ಇಲ್ಲ. ಹನಿ ಬಿಟ್ಟಿದ್ದೂ ಗೊತ್ತಾಗಲ್ಲ." ಹಿಂದಿನ ವಾರದಿಂದ ಮಗಳ ಮಗ್ಗಕ್ಕೆ ಕೆಚ್ಚಲು ಕೂತಿದ್ದರಂತೆ. ಇನ್ನೂ ಕೂರಬಾರದಿತ್ತು ಎಂದು ನಾನು ಗದರಿದೆ. ಅಮ್ಮ ತಪ್ಪು ಮಾಡಿದ ಮಗುವಿನಂತೆ ಮಗಳ ಕಡೆ ನೋಡಿದರು. ಚಾರ್ಟಿನಲ್ಲಿ ಎರಡು ಸಾಲು ಕಡಿಮೆ ಓದಿದರು. ಹೊಲಿಗೆಯಿಲ್ಲದ ಗಾಯ ಮಾಗುವಾಗ ಕಣ್ಣಿನ ನಂಬರು ಬದಲಾಗುವುದುಂಟು, ಆರು ವಾರಕ್ಕೆ ಕನ್ನಡಕ ಕೊಟ್ಟರೆ ಸರಿಹೋಗುತ್ತದೆ ಅಂದುಕೊಂಡೆ. ಕಾಗದದಲ್ಲಿ ಬರೆದೆ: "ಉರಿ ಇಲ್ಲ. ಸುಧಾರಿಸಿದೆ."

ಆ ಕಾಗದ ಈಗಲೂ ಕಡತದಲ್ಲಿದೆ. ನನ್ನದೇ ಅಕ್ಷರ.

ಐದನೆಯ ವಾರದ ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮಗಳು ಫೋನ್ ಮಾಡಿದಳು. ನಾನು ಚಳ್ಳಕೆರೆಯ ಕೇಂದ್ರದಲ್ಲಿದ್ದೆ.

"ಅಕ್ಕಾ, ಅವ್ವನ ಕಣ್ಣಾಗೆ ನೀರು ಸುರೀತೈತೆ. ಬೆಚ್ಚಗಿನ ನೀರು. ಒಂದೇ ಸಲ ಸುರೀತು, ಈಗ ಮಂಜು ಮಂಜು ಅಂತಾಳೆ."

ಒಣಗಿದ ಕಣ್ಣಿನಿಂದ ಒಂದೇ ಸಲ ಸುರಿದ ಬೆಚ್ಚಗಿನ ನೀರು ಕಣ್ಣೀರಾಗಿರಲಾರದು. ಫೋಟೋ ಕಳಿಸಲು ಹೇಳಿದೆ. ಫೋಟೋದಲ್ಲಿ ಕಪ್ಪುಗುಡ್ಡೆಯ ಕೆಳಭಾಗದಲ್ಲಿ, ಸಾಸಿವೆ ಕಾಳಿನಷ್ಟು, ಒಂದು ಕಂದು ಚುಕ್ಕೆ ಇತ್ತು. ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ತೂತಾಗಿ ಒಳಗಿನದು ಹೊರಕ್ಕೆ ಇಣುಕಿತ್ತು.

ಡಾಕ್ಟರು ಆಪರೇಷನ್ ಕೋಣೆಯಲ್ಲಿದ್ದರು. ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಬರೆದುಕೊಟ್ಟ ಔಷಧಿಯನ್ನು ನಿಲ್ಲಿಸುವ ಅಧಿಕಾರ ನನಗಿಲ್ಲ. ಇದುವರೆಗೆ ಯಾವತ್ತೂ ನಿಲ್ಲಿಸಿರಲಿಲ್ಲ. ಮಗಳಿಗೆ ಹೇಳಿದೆ:

"ಎಲ್ಲಾ ಹನಿ ನಿಲ್ಲಿಸಿಬಿಡು. ಕಣ್ಣು ಒತ್ತಬಾರದು, ಒರೆಸಬಾರದು. ಆಪರೇಷನ್ ದಿನ ಕೊಟ್ಟಿದ್ರಲ್ಲ ಪ್ಲಾಸ್ಟಿಕ್ ಬಟ್ಟಲು, ಅದನ್ನ ಮೇಲಿಟ್ಟು ಪಟ್ಟಿ ಅಂಟಿಸು. ಅವ್ವನಿಗೆ ಬಗ್ಗೋಕೆ ಬಿಡಬೇಡ. ಈಗ್ಲೇ ಗಾಡಿ ಮಾಡ್ಕೊಂಡು ಹೊರಡು."

"ಹಳದಿ ದಾರದ್ದೂ ನಿಲ್ಲಿಸ್ಲಾ? ನೀನೇ ಬಿಡಬ್ಯಾಡ ಅಂದಿದ್ದೆ."

"ಅದನ್ನೇ ಮೊದ್ಲು ಬಿಡು."

ಹೊರಗೆ ಕಾಯುತ್ತಿದ್ದವರನ್ನು ಕೈಮುಗಿದು ಕಳಿಸಿ ಕೇಂದ್ರದ ಬಾಗಿಲು ಹಾಕಿದೆ. ಒಂದೂವರೆ ಗಂಟೆಯಲ್ಲಿ ಅವರು ಬಂದರು. ಅಮ್ಮನನ್ನು ಕಣ್ಣು ನೋಡುವ ಯಂತ್ರದ ಮುಂದೆ ಕೂರಿಸಿ, ಮೂರು ವಾರ ಹಿಂದೆ ತೆಗೆಯಬೇಕಿದ್ದ ಆ ಕಿತ್ತಳೆ ಪಟ್ಟಿಯನ್ನು ಈಗ ತೆಗೆದೆ. ನೀಲಿ ಬೆಳಕಿನಲ್ಲಿ ಬಣ್ಣ ಹರಡಿತು. ಆ ಕಂದು ಚುಕ್ಕೆಯ ಪಕ್ಕದಿಂದ ಕೂದಲೆಳೆಯಷ್ಟು ಸಣ್ಣದೊಂದು ಹಸಿರು ತೊರೆ ಕೆಳಕ್ಕೆ ಇಳಿಯಿತು. ಕಣ್ಣಿನ ಒಳಗಿನ ನೀರು ಸೋರುತ್ತಿತ್ತು. ಸುತ್ತಲಿನ ಪದರ ನೆನೆದ ಕಾಗದದಂತೆ ತೆಳುವಾಗಿತ್ತು.

"ನೋವೈತಾಮ್ಮಾ?"

"ಇಲ್ಲವ್ವ. ಅದಕ್ಕೇ ಆಶ್ಚರ್ಯ" ಎಂದರು.

ಆಸ್ಪತ್ರೆಗೆಂದು ಅದೇ ಗಾಡಿಗೆ ನಾನೂ ಹತ್ತಿದೆ. ದಾವಣಗೆರೆಯಲ್ಲಿ ಕಾರ್ನಿಯಾ ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆಂದು ನಮ್ಮ ಡಾಕ್ಟರು ದಾರಿಯಲ್ಲಿ ಫೋನಿನಲ್ಲಿ ಸಿಕ್ಕಾಗ ಹೇಳಿದರು. ಹನಿ ನಿಲ್ಲಿಸಿದ್ದು ಸರಿ ಅಂದರು. ಅವರ ದನಿ ಕುಂದಿತ್ತು. ಅಮ್ಮ ದಾರಿಯುದ್ದಕ್ಕೂ ತಲೆ ಅಲುಗದಂತೆ ಸೀಟಿಗೆ ಒರಗಿ ಕೂತಿದ್ದರು. ಗುಂಡಿ ಬಂದಾಗಲೆಲ್ಲ ಮಗಳು ತಾಯಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಆ ಡಾಕ್ಟರಮ್ಮ ಕಣ್ಣು ನೋಡುವುದಕ್ಕೆ ಮೊದಲು ಅಮ್ಮನ ಕೈ ಹಿಡಿದು ಬೆರಳು ನೋಡಿದರು.

"ಬೆಳಿಗ್ಗೆ ಎದ್ದಾಗ ಬೆರಳು ಬಿಗಿದುಕೊಂಡಿರುತ್ತವಾ?"

"ಹೂಂನವ್ವ. ಬಿಸಿನೀರಾಗೆ ಅದ್ದಿ ಇಟ್ಕಂಡ್ರೆ ತಾಸೊತ್ತಿಗೆ ಬಿಡ್ತಾವೆ."

"ಬಾಯಿ ಒಣಗುತ್ತಾ? ರೊಟ್ಟಿ ನುಂಗೋದಕ್ಕೆ ನೀರು ಬೇಕಾಗುತ್ತಾ?"

"ಒಂದು ತುತ್ತಿಗೆ ಒಂದು ಗುಟುಕು. ಬಾಳ ವರ್ಷದಿಂದ ಹಂಗೇ."

ಎಡಗಣ್ಣಿನ ಕೆಳರೆಪ್ಪೆಗೆ ಒಂದು ಸಣ್ಣ ಅಳತೆ ಕಾಗದ ಸಿಕ್ಕಿಸಿ ಐದು ನಿಮಿಷ ಬಿಟ್ಟರು. ಆರೋಗ್ಯವಂತ ಕಣ್ಣಿನ ನೀರು ಆ ಕಾಗದವನ್ನು ಅರ್ಧದವರೆಗೆ ನೆನೆಸುತ್ತದೆ. ಅಮ್ಮನ ಕಾಗದ ತುದಿಯಲ್ಲಿ ಮಾತ್ರ ಒದ್ದೆಯಾಗಿತ್ತು.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು ನಿಧಾನವಾಗಿ ಹೇಳಿದರು. ಅಮ್ಮನಿಗೆ ಕೀಲುಗಳನ್ನು ತಿನ್ನುವ ವಾತದ ಕಾಯಿಲೆ ಹಲವು ವರ್ಷಗಳಿಂದ ಇದೆ. ಕಣ್ಣೀರು, ಜೊಲ್ಲು ಸುರಿಸುವ ಗ್ರಂಥಿಗಳನ್ನೂ ಅದು ಒಣಗಿಸಿದೆ. ಪೊರೆ ತೆಗೆಯುವ ಮೊದಲೇ ಆ ಕಣ್ಣುಗಳಲ್ಲಿ ನೀರಿರಲಿಲ್ಲ. ಅಂಥ ಕಣ್ಣಿಗೆ ನೋವು ಇಳಿಸುವ ಹನಿ ವಾರಗಟ್ಟಲೆ ಬಿದ್ದರೆ ಗಾಯ ಮಾಗುವುದಿಲ್ಲ, ಪದರವೇ ಕರಗಲು ತೊಡಗಬಹುದು. ಹನಿಯೇ ಕಣ್ಣನ್ನು ಮರಗಟ್ಟಿಸುವುದರಿಂದ ರೋಗಿಗೆ ಗೊತ್ತೂ ಆಗುವುದಿಲ್ಲ.

"ನಾಲ್ಕನೇ ವಾರ ಉರಿ ನಿಂತಿತು ಅಂದರು ಮೇಡಂ" ಎಂದೆ.

"ಆಗಲೇ ಕೆಟ್ಟಿತ್ತು" ಎಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತೂತಿಗೆ ಅಂಗಾಂಶದ ಅಂಟು ಹಾಕಿ, ಮೇಲೆ ಒಂದು ಮೆತ್ತನೆಯ ಲೆನ್ಸ್ ಹೊದಿಸಿದರು. ಕೀಲಿನ ಕಾಯಿಲೆಗೆ ಮಾತ್ರೆ ಶುರುವಾಯಿತು. ಕಣ್ಣಿಗೆ, ಬಾಟಲಿ ಕೆಡದಿರಲು ಬೆರೆಸುವ ರಾಸಾಯನಿಕ ಇಲ್ಲದ, ಒಂದೊಂದು ಸಲಕ್ಕೆ ಒಂದೊಂದು ಪುಟ್ಟ ಪ್ಲಾಸ್ಟಿಕ್ ಕೊಳವೆಯ ತುದಿ ಮುರಿದು ಹಾಕುವ ಕಣ್ಣೀರಿನ ಹನಿ. ಅದರ ಜೊತೆಗೆ ಅಮ್ಮನ ರಕ್ತದಿಂದಲೇ ಮಾಡಿದ ಹನಿ. ತೋಳಿನಿಂದ ರಕ್ತ ತೆಗೆದು, ಹೆಪ್ಪುಗಟ್ಟಿಸಿ, ಮೇಲೆ ನಿಲ್ಲುವ ತಿಳಿಯನ್ನು ಬೇರೆ ಮಾಡಿ, ಸಲೈನ್ ಬೆರೆಸಿ ಸಣ್ಣ ಶೀಶೆಗಳಿಗೆ ತುಂಬುತ್ತಾರೆ. ಕಣ್ಣೀರಿನಲ್ಲಿರುವ ಪೋಷಣೆ ರಕ್ತದ ತಿಳಿಯಲ್ಲೂ ಇದೆ. ಆದರೆ ಅದಕ್ಕೆ ಕೆಡದಂತೆ ಕಾಪಾಡುವ ಏನೂ ಸೇರಿಸುವುದಿಲ್ಲ. ತಂಪು ತಪ್ಪಿದರೆ ಅದರಲ್ಲೇ ಕ್ರಿಮಿ ಬೆಳೆಯುತ್ತದೆ.

"ಮೊಳಕಾಲ್ಮೂರಿನಲ್ಲಿ ತಂಪಾಗಿ ಇಡೋಕಾಗುತ್ತಾ?" ಎಂದು ಡಾಕ್ಟರಮ್ಮ ಕೇಳಿದರು.

"ಆಗುತ್ತೆ" ಎಂದೆ. ಹೇಗೆಂದು ನನಗೇ ಗೊತ್ತಿರಲಿಲ್ಲ.

ಅಮ್ಮನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಸರ್ಕಾರಿ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡುವಂತಿಲ್ಲ. ಅಲ್ಲಿನ ನರ್ಸ್ ಅದನ್ನು ಬೇಸರದಿಂದಲೇ ಹೇಳಿದರು, ನಿಯಮ ಸರಿಯಾದದ್ದೇ. ಓಣಿಯ ತುದಿಯ ಹಾಲಿನ ಅಂಗಡಿಯವರು ಮೊದಲು ಒಪ್ಪಿ, ಶೀಶೆಯಲ್ಲಿರುವುದು ರಕ್ತದ್ದೆಂದು ತಿಳಿದ ಮೇಲೆ ಕೈ ಆಡಿಸಿದರು. "ಹಾಲಿನ ಪಕ್ಕ ಅದು ಬ್ಯಾಡ ಕಣಮ್ಮ, ಜನ ಏನಂತಾರೆ?" ಕೊನೆಗೆ ಬಸ್‌ಸ್ಟ್ಯಾಂಡಿನ ಎದುರಿನ ಸೋಡಾ ಅಂಗಡಿಯ ಭಾಯಿ ತಮ್ಮ ಫ್ರಿಜ್ಜಿನ ಮೇಲಿನ ತಟ್ಟೆಯೊಂದನ್ನು ಖಾಲಿ ಮಾಡಿಕೊಟ್ಟರು. "ದವಾ ಐತಲ್ಲಮ್ಮ, ಇಡು. ಕರೆಂಟ್ ಹೋದ್ರೆ ಐಸ್ ಹಾಕ್ತೀನಿ" ಎಂದರು. ಮಗಳು ದಿನಾ ಬೆಳಿಗ್ಗೆ ಅಲ್ಲಿಗೆ ಬಂದು ಒಂದು ಶೀಶೆ ಒಯ್ದು, ನೀರಿನ ಮಡಕೆಯ ಪಕ್ಕ ಒದ್ದೆ ಬಟ್ಟೆ ಸುತ್ತಿ, ಐಸ್ ತುಂಡಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಎರಡು ಗಂಟೆಗೊಂದು ಹನಿ. ಸಂಜೆ ಉಳಿದದ್ದನ್ನು ಚೆಲ್ಲಬೇಕು.

ದಾವಣಗೆರೆಯಿಂದ ಶೀಶೆಗಳು ಚಳ್ಳಕೆರೆಗೆ ಬರುವ ವ್ಯವಸ್ಥೆ ಮಾಡಿದೆ. ಸೋಮವಾರ ಬೆಳಿಗ್ಗೆ ಅವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಚೀಲಗಳ ನಡುವೆ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮೊಳಕಾಲ್ಮೂರಿಗೆ ಒಯ್ಯುತ್ತಿದ್ದೆ. ಬಿಸಿಲು ಏರುವ ತಿಂಗಳುಗಳು. ಕಿಟಕಿಯ ಕಡೆ ಕೂರುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಸಣ್ಣ ಉಷ್ಣಮಾಪಕ ಇತ್ತು. ದಾರಿಯಲ್ಲಿ ಸಿಗುವ ಹಾನಗಲ್ ಬಂದಾಗ ಒಮ್ಮೆ, ಇಳಿಯುವಾಗ ಒಮ್ಮೆ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಮೂರು ವಾರ ಹೀಗೆ ನಡೆಯಿತು, ಕಣ್ಣೂ ಸುಧಾರಿಸತೊಡಗಿತು. ಸೋರುವುದು ಪೂರ್ತಿ ನಿಂತಿತು. ಅಂಟಿನ ಸುತ್ತ ಹೊಸ ಪದರ ಬೆಳೆಯುತ್ತಿತ್ತು. ಪ್ರತಿ ಸೋಮವಾರ ಬಣ್ಣ ಹಾಕಿ ನೋಡುತ್ತಿದ್ದೆ. ಹಸಿರು ತೇಪೆ ಮೊದಲ ವಾರ ಅವರೆಕಾಳಿನಷ್ಟಿದ್ದದ್ದು ಮೂರನೆಯ ವಾರ ಸಾಸಿವೆಯಷ್ಟಾಯಿತು. ಅಮ್ಮ ಆ ಕಣ್ಣಿನಲ್ಲಿ ನನ್ನ ಬೆರಳುಗಳನ್ನು ಎಣಿಸಿದರು. "ಮಧ್ಯಕ್ಕೆ ಮಸುಕಾದರೂ ಕನ್ನಡಕ ಹಾಕಿ ಏನಾದರೂ ಮಾಡಬಹುದು" ಎಂದು ಡಾಕ್ಟರಮ್ಮ ಫೋನಿನಲ್ಲಿ ಹೇಳಿದಾಗ ನಾನು ಕೋಣೆಯ ಹೊರಗೆ ಬಂದು ಅತ್ತೆ.

ನಾಲ್ಕನೆಯ ಸೋಮವಾರ ಹಾನಗಲ್ಲಿಗೆ ಇನ್ನೂ ಒಂದಿಷ್ಟು ದೂರ ಇರುವಾಗ ಬಸ್ಸು ಕೆಟ್ಟಿತು. ನೆರಳಿಗೆ ಒಂದು ಮರವಿರಲಿಲ್ಲ. ಹಿಂದಿನಿಂದ ಬಂದ ಬಸ್ಸು ತುಂಬಿ ತುಳುಕುತ್ತಿತ್ತು, ನಿಲ್ಲಿಸಲಿಲ್ಲ. ದಾರಿಯಲ್ಲಿ ಬಂದ ಟಾಟಾ ಏಸ್ ಒಂದನ್ನು ಹತ್ತಿ ಮೊಳಕಾಲ್ಮೂರು ಮುಟ್ಟುವಾಗ ಎರಡೂವರೆ ಗಂಟೆ ತಡವಾಗಿತ್ತು. ಪೆಟ್ಟಿಗೆ ತೆರೆದೆ. ಐಸ್ ಪೂರ್ತಿ ನೀರಾಗಿತ್ತು. ಉಷ್ಣಮಾಪಕ ನೋಡಿ ಡಾಕ್ಟರಮ್ಮನಿಗೆ ಹೇಳಿದೆ.

"ಹಾಕಬೇಡಿ. ಅಷ್ಟೂ ಚೆಲ್ಲಿಬಿಡಿ" ಎಂದರು. "ಇಲ್ಲಿ ಬೇರೆ ಶೀಶೆ ಉಳಿದಿಲ್ಲ, ಹೊಸದಾಗಿ ರಕ್ತ ತೆಗೀಬೇಕು. ಕರ್ಕೊಂಡು ಬನ್ನಿ." ಮತ್ತೆ, "ಅವರ ಹಿಮೋಗ್ಲೋಬಿನ್ ಕಮ್ಮಿ ಇದೆ ಅಲ್ವಾ? ನೋಡಿ, ನಿರ್ಧಾರ ಸುಲಭ ಇಲ್ಲ, ಆದರೆ ಹಾಕಬೇಡಿ" ಎಂದರು.

ಶೀಶೆಗಳು ನೋಡಲು ಚೆನ್ನಾಗಿಯೇ ಇದ್ದವು, ತಿಳಿ ಹಳದಿ. ಯಾರಿಗೂ ಹೇಳದೆ ಭಾಯಿಯ ಫ್ರಿಜ್ಜಿಗೆ ಇಟ್ಟುಬಿಟ್ಟರೆ ಏನೂ ಆಗದೆಯೂ ಇರಬಹುದಿತ್ತು. ಪೆಟ್ಟಿಗೆ ಹಿಡಿದು ಸುಮಾರು ಹೊತ್ತು ನಿಂತಿದ್ದೆ. ಆಮೇಲೆ ಅಮ್ಮನ ಮನೆಗೆ ಹೋಗಿ, ಅವರ ಎದುರೇ, ಬಚ್ಚಲ ಪಕ್ಕದ ಮಣ್ಣಿಗೆ ಒಂದೊಂದಾಗಿ ಸುರಿದೆ.

"ನನ್ನ ರಗತ ಅಲ್ವಾ ಅದು?" ಎಂದರು ಅಮ್ಮ.

"ಹೂಂ. ಬಿಸಿಲಿಗೆ ಕೆಟ್ಟೈತೆ. ಹಾಕಿದ್ರೆ ಕಣ್ಣಿಗೇ ಅಪಾಯ."

"ಪೋನೀಲೇ" ಎಂದರು. ಅವರ ಮನೆಮಾತು ತೆಲುಗು. ಹೋಗಲಿ ಬಿಡು ಎಂದು ಅರ್ಥ. "ಇನ್ನೊಂದ್ಸಲ ತಕ್ಕಂತಾರೆ. ಇನ್ನೂ ಐತಲ್ಲ ಮೈಯಾಗೆ."

ಆದರೆ ತಕ್ಷಣ ತೆಗೆಯಲಾಗಲಿಲ್ಲ. ಮಾರನೆಯ ದಿನ ದಾವಣಗೆರೆಯಲ್ಲಿ ಪರೀಕ್ಷಿಸಿದಾಗ ರಕ್ತ ತೀರಾ ಕಡಿಮೆಯಿತ್ತು. ಅಷ್ಟು ಕಡಿಮೆ ಇರುವವರಿಂದ ತೆಗೆಯಲು ರಕ್ತದ ವಿಭಾಗದವರು ಒಪ್ಪಲಿಲ್ಲ. ಕಬ್ಬಿಣಾಂಶದ ಸೂಜಿಮದ್ದು ಕೊಟ್ಟು ಒಂದು ವಾರ ಕಾಯಲು ಹೇಳಿದರು. ಆ ವಾರ ಬರೀ ಕಣ್ಣೀರಿನ ಹನಿಯ ಮೇಲೆ ಕಳೆಯಿತು. ಮಗಳು ಮಗ್ಗಕ್ಕಿಳಿಯದೆ ಗಂಟೆಗೊಂದು ಹನಿ ಹಾಕಿದಳು. ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸಿದಳು. ಅವಳು ಮಾಡದೆ ಬಿಟ್ಟದ್ದು ಒಂದೂ ಇಲ್ಲ.

ಆರನೆಯ ದಿನ ಅಂಟು ಉದುರಿತು. ಅದರ ಕೆಳಗಿನ ಪದರ ಇನ್ನೂ ಗಟ್ಟಿಯಾಗಿರಲಿಲ್ಲ. ಏಳನೆಯ ದಿನ ಮಗಳು ಕಳಿಸಿದ ಫೋಟೋದಲ್ಲಿ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆಯಿತ್ತು. ಸೋಂಕು. ಅಮ್ಮನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ಗಂಟೆಗೊಮ್ಮೆ ಔಷಧಿ, ಆಮೇಲೆ ಬೇರೊಬ್ಬರು ದಾನ ಮಾಡಿದ ಕಾರ್ನಿಯಾದ ಒಂದು ತುಂಡಿನ ತೇಪೆ. ಹದಿನೆಂಟು ದಿನದ ಮೇಲೆ ಕಣ್ಣುಗುಡ್ಡೆಯನ್ನು ಉಳಿಸಿಕೊಂಡೆವು ಎಂದು ಡಾಕ್ಟರಮ್ಮ ಹೇಳಿದರು. ದೃಷ್ಟಿ ಉಳಿದಿರಲಿಲ್ಲ. ಟಾರ್ಚ್ ಹತ್ತಿಸಿದರೆ, "ಬೆಳಕು ಬಂತು" ಅನ್ನುತ್ತಿದ್ದರು, ಆರಿಸಿದರೆ, "ಹೋತು" ಅನ್ನುತ್ತಿದ್ದರು. ಅಷ್ಟೇ.

ಪೊರೆ ತೆಗೆದ ನಮ್ಮ ಆಸ್ಪತ್ರೆಗೆ ನಾನು ವರದಿ ಬರೆದುಕೊಟ್ಟೆ. ಎರಡನೆಯ ವಾರ ಉರಿಯ ದೂರು ಇತ್ತು, ಬಣ್ಣದ ಪರೀಕ್ಷೆ ಮಾಡಿಲ್ಲ, ಪಟ್ಟಿ ನನ್ನ ಬಳಿ ಇತ್ತು ಎಂದು ಹಾಗೆಯೇ ಬರೆದೆ. ಹಿರಿಯ ಡಾಕ್ಟರೊಬ್ಬರು ಅದನ್ನು ಓದಿ, "ನಾವೂ ಆಪರೇಷನ್ನಿಗೆ ಮೊದಲು ಕೀಲಿನ ವಿಷಯ ಕೇಳಬೇಕಿತ್ತು" ಎಂದರು. ಅದೂ ನಿಜವೇ. ನನ್ನ ಪಾಲು ಅದರಿಂದ ಕಡಿಮೆಯಾಗಲಿಲ್ಲ.

ಮೂರು ತಿಂಗಳ ನಂತರ ಒಂದು ಸೋಮವಾರ ಕೆಲಸ ಮುಗಿಸಿ ಅಮ್ಮನ ಮನೆಗೆ ಹೋದೆ. ಕೀಲಿನ ಕಾಯಿಲೆ ಹತೋಟಿಗೆ ಬಂದಿತ್ತು. ಈಗ ಎಡಗಣ್ಣಿನ ಪೊರೆ ತೆಗೆಯಬಹುದು, ನೋವಿನ ಹನಿ ಹಾಕದೆ, ಮೊದಲಿಂದಲೇ ಕಣ್ಣನ್ನು ಒದ್ದೆಯಾಗಿಟ್ಟುಕೊಂಡು, ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಫೋನಿನಲ್ಲಿ ಹೇಳಲು ಮನಸ್ಸಾಗಿರಲಿಲ್ಲ.

ಮಗ್ಗದಲ್ಲಿ ಹೊಸ ಹಾಸು ಏರಿತ್ತು. ಪಕ್ಕದ ಓಣಿಯ ಹೆಂಗಸೊಬ್ಬಳು ಕೂತು ಕೆಚ್ಚುತ್ತಿದ್ದಳು. ಅಮ್ಮ ಗೋಡೆಗೆ ಒರಗಿ ಎಡಗಣ್ಣನ್ನು ಅತ್ತ ತಿರುಗಿಸಿ ಕೂತಿದ್ದರು. ಕೆಚ್ಚುವವಳು ಎರಡು ಸಲ ಎದ್ದು ಹೋಗಿ ಚಹಾ ಕುಡಿದು ಬಂದಾಗಲೂ ಅಮ್ಮ ಮಗ್ಗದ ಹತ್ತಿರ ಹೋಗಲಿಲ್ಲ.

ಎಡಗಣ್ಣಿನ ವಿಷಯ ಹೇಳಿದೆ. ಅಮ್ಮ ಕೇಳಿಸಿಕೊಂಡರು. ಅವರು ತೀರ್ಮಾನ ಮಾಡುವ ಮುಂಚೆ ನಾನು ಹೇಳಲೇಬೇಕಾದದ್ದೊಂದಿತ್ತು.

"ಅಮ್ಮಾ, ಎರಡನೇ ವಾರ ನೀವು ಉರಿ ಅಂದ್ರಲ್ಲ, ಅವತ್ತು ನಾನೊಂದು ಪರೀಕ್ಷೆ ಮಾಡಬೇಕಿತ್ತು. ಬಣ್ಣ ಹಾಕಿ ನೋಡೋದು. ಮಾಡ್ಲಿಲ್ಲ. ಸಾಮಾನು ಚೀಲದಾಗೇ ಇತ್ತು."

ಮಗಳು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ರಾಟೆ ನಿಲ್ಲಿಸಿದಳು.

"ಎಷ್ಟೊತ್ತಿನ ಕೆಲ್ಸ ಅದು?" ಎಂದು ಅಮ್ಮ ಕೇಳಿದರು.

"ಒಂದು ನಿಮಿಷ."

ಅಮ್ಮ ಮಗ್ಗದ ಕಡೆ ನೋಡುತ್ತಿದ್ದರು.

"ಮಾಡಿದ್ರೆ ಕಣ್ಣು ಉಳೀತಿತ್ತಾ?"

ಹೇಳಲಾಗದು, ಖಚಿತವಿಲ್ಲ ಎಂದೆಲ್ಲ ಅನ್ನುವ ಮಾತುಗಳು ನಮ್ಮ ಕೆಲಸದಲ್ಲಿ ಬೇಕಾದಷ್ಟಿವೆ. ಅವು ನನ್ನ ಬಾಯಿಗೆ ಬಂದವು ಕೂಡ.

"ಉಳೀತಿತ್ತು ಅಂತ್ಲೇ ನನಗನ್ಸುತ್ತಮ್ಮಾ" ಎಂದೆ.

ಕೆಚ್ಚುವವಳು ಕೂಡ ಕೈ ನಿಲ್ಲಿಸಿದ್ದಳು.

ಎಡಗಣ್ಣಿಗೆ ಕಣ್ಣೀರಿನ ಹನಿ ಹಾಕುವ ಹೊತ್ತಾಗಿತ್ತು. ಅಭ್ಯಾಸದಂತೆ ನಾನೇ ಗೋಡೆಯ ಗೂಡಿನಿಂದ ಒಂದು ಹನಿಯ ಕೊಳವೆ ತೆಗೆದು, ತುದಿ ಮುರಿದು, ಅವರ ಗಲ್ಲಕ್ಕೆ ಕೈ ಹಾಕಲು ಬಗ್ಗಿದೆ. ಅಮ್ಮ ಕೈ ಚಾಚಿದರು.

"ಕೊಡಿಲ್ಲಿ. ನಾನೇ ಹಾಕ್ಕಂತೀನಿ."

ಕೊಟ್ಟೆ. ಆ ಬೆರಳುಗಳಿಗೆ ಅಷ್ಟು ಸಣ್ಣ ಕೊಳವೆಯನ್ನು ಹಿಡಿಯುವುದೇ ಕಷ್ಟ. ತಲೆ ಹಿಂದಕ್ಕೆ ಚೆಲ್ಲಿ ರೆಪ್ಪೆ ಎಳೆದುಕೊಂಡರು. ಮೊದಲ ಹನಿ ಕೆನ್ನೆಯ ಎಲುಬಿನ ಮೇಲೆ ಬಿದ್ದು ಕಿವಿಯ ಕಡೆಗೆ ಹರಿಯಿತು. ಎರಡನೆಯದು ಹುಬ್ಬಿಗೆ ಬಿತ್ತು. ಮಗಳು ಏಳಲು ಹೋದವಳು ತಾಯಿಯ ಮುಖ ನೋಡಿ ಕೂತಳು. ನಾನು ಕೈ ಕೆಳಗೆ ಬಿಟ್ಟು ನಿಂತಿದ್ದೆ. ಮೂರನೆಯದು ಕಣ್ಣಿಗೆ ಬಿತ್ತು. ರೆಪ್ಪೆ ಮುಚ್ಚಿ, ಸೆರಗಿನಿಂದ ಕೆನ್ನೆಯನ್ನಷ್ಟೇ ಒರೆಸಿಕೊಂಡು, ಕಣ್ಣು ತೆರೆಯದೆಯೇ ಅಮ್ಮ ಹೇಳಿದರು:

"ಬಸ್ಸಿಗೆ ಹೊತ್ತಾತು. ಹೋಗ್ ಬಾ."